ಐದು ಕೆಲಸ, ಒಂದೇ ಡಬ್ಬಿ

ಫೈಬರ್ ಸಂಪರ್ಕ ಹಾಕಿಸಿಕೊಂಡ ಮನೆಗೆ ಕಂಪನಿಯವರು ಒಂದು ಡಬ್ಬಿ ಕೊಟ್ಟು ಹೋಗುತ್ತಾರೆ. ಜನ ಅದನ್ನು ವೈಫೈ ಬಾಕ್ಸ್ ಎಂದೇ ಕರೆಯುತ್ತಾರೆ. ಆದರೆ ವೈಫೈ ಅದರ ಕೆಲಸಗಳಲ್ಲಿ ಒಂದು ಮಾತ್ರ. ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಮೊದಲ ಕೆಲಸ. ಅದನ್ನು ಮಾಡುವ ಭಾಗಕ್ಕೆ ಓಎನ್‌ಟಿ ಎಂದು ಹೆಸರು. ಹೊರಗಿನ ಒಂದೇ ವಿಳಾಸದ ಮೇಲೆ ಮನೆಯ ಹತ್ತಾರು ಸಾಧನಗಳನ್ನು ನಡೆಸಿ, ಯಾವ ಉತ್ತರ ಯಾವ ಸಾಧನಕ್ಕೆ ಸೇರಬೇಕೆಂದು ಲೆಕ್ಕ ಇಡುವುದು ರೌಟರ್. ಕರೆಯದೆ ಬರುವ ಸಂಪರ್ಕಗಳನ್ನು ತಡೆಯುವುದು ಫೈರ್‌ವಾಲ್. ತಂತಿಯಲ್ಲಿ ಬಂದ ಸಾಧನಗಳನ್ನು ಒಂದಕ್ಕೊಂದು ಸೇರಿಸುವುದು ಸ್ವಿಚ್. ಇಷ್ಟೆಲ್ಲ ಆದ ಮೇಲೆ ಗಾಳಿಯಲ್ಲಿ ಸಂಕೇತ ಹರಡುವ ಆ್ಯಕ್ಸೆಸ್ ಪಾಯಿಂಟ್ ಬರುತ್ತದೆ. ಮನೆಯ ನೆಟ್‌ವರ್ಕ್ ಮೇಲೆ ಭರವಸೆ ಇಡಬೇಕೆಂದರೆ ಈ ಐದರಲ್ಲಿ ಕನಿಷ್ಠ ಮೂರನ್ನಾದರೂ, ಅಂದರೆ ಓಎನ್‌ಟಿ, ರೌಟರ್ ಮತ್ತು ವೈಫೈಗಳನ್ನು, ಬೇರೆ ಬೇರೆ ಮಾಡಬೇಕು ಎಂಬುದು ನನ್ನ ವಾದ. ಆಸಕ್ತರ ಗೀಳು ಎಂದು ಇದನ್ನು ತಳ್ಳಿಹಾಕುವುದು ಸುಲಭ. ಮಕ್ಕಳ ಪಾಠ, ಕಚೇರಿಯ ಕೆಲಸ, ಬ್ಯಾಂಕಿನ ವ್ಯವಹಾರ ಎಲ್ಲವೂ ಈ ಡಬ್ಬಿಯ ಮೂಲಕವೇ ಸಾಗುವ ಕಾಲದಲ್ಲಿ ಹಾಗೆ ತಳ್ಳಿಹಾಕಬಾರದು.

ಮೊದಲ ಕಾರಣ ಜಾಗ. ಫೈಬರ್ ಮನೆಯೊಳಗೆ ಬರುವುದು ಬಾಲ್ಕನಿಯ ಮೂಲೆಯಲ್ಲೋ ಕಿಟಕಿಯ ಪಕ್ಕದಲ್ಲೋ. ಕೇಬಲ್ ಎಳೆಯುವವರಿಗೆ ಎಲ್ಲಿ ಅನುಕೂಲವೋ ಅಲ್ಲಿ. ವೈಫೈ ಇರಬೇಕಾದದ್ದು ಜನ ಕೂತು ಕೆಲಸ ಮಾಡುವ ಕಡೆ. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಮೂಲೆಯೇ ಗೆಲ್ಲುತ್ತದೆ, ಅರ್ಧ ಸಂಕೇತ ಬೀದಿಗೆ ಹೋಗುತ್ತದೆ. ನಮ್ಮ ಕಟ್ಟಡಗಳು ಇದನ್ನು ಇನ್ನಷ್ಟು ಕಷ್ಟ ಮಾಡುತ್ತವೆ. 5 ಗಿಗಾಹರ್ಟ್ಸ್ ತರಂಗಗಳು ವೇಗ ಹೆಚ್ಚು ಕೊಡುತ್ತವೆ, ಆದರೆ ಕಾಂಕ್ರೀಟ್ ಸ್ಲ್ಯಾಬ್, ಕಲ್ಲಿನ ಗೋಡೆ, ಕಬ್ಬಿಣದ ಬೀರು ದಾಟುವಾಗ ಬಲ ಕಳೆದುಕೊಳ್ಳುತ್ತವೆ. 2.4 ಗಿಗಾಹರ್ಟ್ಸ್ ಗೋಡೆಯನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂದು ಮೂರೇ ಇವೆ, ಅವನ್ನು ಇಡೀ ಅಪಾರ್ಟ್‌ಮೆಂಟ್ ಹಂಚಿಕೊಳ್ಳಬೇಕು. ಇನ್ನೂ ದೊಡ್ಡ ಆಂಟೆನಾದ ರೌಟರ್ ತಂದರೆ ಸರಿಹೋಗುತ್ತದೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಸಂಪರ್ಕ ಎರಡೂ ಕಡೆಯಿಂದ ನಡೆಯಬೇಕು ಎಂಬುದು ಆ ಮಾತಿನಲ್ಲಿ ಮರೆತುಹೋಗುತ್ತದೆ. ರೌಟರ್‌ನ ದನಿ ಮೊಬೈಲಿಗೆ ಕೇಳಿಸಿದರೂ ಸಣ್ಣ ಬ್ಯಾಟರಿಯ ಮೊಬೈಲಿನ ದನಿ ಅಷ್ಟು ದೂರ ಮುಟ್ಟುವುದಿಲ್ಲ. ಪರದೆಯ ಮೇಲೆ ಗೆರೆಗಳೆಲ್ಲ ತುಂಬಿದ್ದರೂ ಕರೆ ತಡವರಿಸುವುದಕ್ಕೆ ಇದೂ ಒಂದು ಕಾರಣ. ಒಂದು ಬಲವಾದ ಯಂತ್ರಕ್ಕಿಂತ, ತಂತಿಯಿಂದ ಸಂಪರ್ಕ ಪಡೆದು ಸರಿಯಾದ ಜಾಗದಲ್ಲಿ ಕೂತ ಎರಡು ಸಾಧಾರಣ ಆ್ಯಕ್ಸೆಸ್ ಪಾಯಿಂಟ್‌ಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಬೇರೆ ಬೇರೆ ಚಾನೆಲ್ ಕೊಟ್ಟರೆ ಸಾಕು.

ಎರಡನೆಯದು ಆಯಸ್ಸು. ತಾಮ್ರದ ತಂತಿಯಲ್ಲಿ ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ಈಥರ್ನೆಟ್ ಮಾನದಂಡ ಬಂದದ್ದು 1999ರಲ್ಲಿ. 100 ಮೀಟರ್‌ವರೆಗಿನ ಆ ವ್ಯವಸ್ಥೆ ಇಂದಿಗೂ ಹೆಚ್ಚಿನ ಮನೆಗಳ ಅಗತ್ಯಕ್ಕಿಂತ ಮುಂದಿದೆ. ವೈಫೈ ಅಷ್ಟರಲ್ಲಿ ಎಷ್ಟೋ ಬಾರಿ ವೇಷ ಬದಲಿಸಿತು: ಎನ್ ಎಂಬ ಆವೃತ್ತಿ 2009ರಲ್ಲಿ, ಎಸಿ ಎಂಬುದು 2013ರಲ್ಲಿ, ವೈಫೈ 6ರ ಪ್ರಮಾಣೀಕರಣ 2019ರಲ್ಲಿ, ವೈಫೈ 7ರದು 2024ರಲ್ಲಿ. ಗೋಡೆಯೊಳಗಿನ ತಂತಿ ಇಪ್ಪತ್ತು ವರ್ಷ ಬಾಳುತ್ತದೆ, ಸ್ವಿಚ್ ಹತ್ತು ವರ್ಷ ನಡೆದರೂ ಆಶ್ಚರ್ಯವಿಲ್ಲ, ವೈಫೈ ಭಾಗ ನಾಲ್ಕೈದು ವರ್ಷಕ್ಕೇ ಹಳತಾಗುತ್ತದೆ. ಇವೆಲ್ಲ ಒಂದೇ ಡಬ್ಬಿಯಲ್ಲಿದ್ದರೆ ಬೇಗ ಹಳತಾಗುವ ಭಾಗದ ಜೊತೆ ಚೆನ್ನಾಗಿರುವುದನ್ನೂ ಎಸೆಯಬೇಕಾಗುತ್ತದೆ. ಕಂಪನಿ ಬದಲಿಸುವಾಗಲೂ ಇದೇ ಕಥೆ. ಡಬ್ಬಿ ಅವರದ್ದು, ವಾಪಸು ಕೊಟ್ಟ ದಿನ ವೈಫೈ ಹೆಸರು, ಪಾಸ್‌ವರ್ಡ್, ಪ್ರಿಂಟರಿಗೆ ಕೊಟ್ಟ ವಿಳಾಸ ಎಲ್ಲವೂ ಅದರೊಂದಿಗೆ ಹೋಗುತ್ತವೆ. ರೌಟರ್ ನಮ್ಮದಾದರೆ ಕಂಪನಿ ಬದಲಾಗುವುದು ಒಂದು ಕೇಬಲ್ ಬದಲಾದಷ್ಟೇ. ಭದ್ರತೆಯ ವಿಷಯವೂ ಇಲ್ಲೇ ಸೇರುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ ಮತ್ತು ರೌಟರ್‌ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ತಂತ್ರಾಂಶದ ಪರಿಷ್ಕರಣೆ ಇನ್ನೂ ಬರುತ್ತಿರುವ ರೌಟರನ್ನು ಆರಿಸುವ ಸ್ವಾತಂತ್ರ್ಯ ಮನೆಯವರ ಕೈಯಲ್ಲಿರುವುದು ಒಳ್ಳೆಯದು.

ತಂತಿ ಎಳೆಯುವ ರಗಳೆಯೇ ಬೇಡ, ಮೆಶ್ ಎಂಬ ಮೂರು ಡಬ್ಬಿಗಳ ಸೆಟ್ ಸಿಗುತ್ತದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗೋಡೆ ಕೊರೆಯಲು ಆಗದ ಬಾಡಿಗೆ ಮನೆಗೆ ಅದು ಒಪ್ಪಬಹುದಾದ ದಾರಿ. ಆದರೆ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದಾದ ಸಭೆ ವೈಫೈ. ಡಬ್ಬಿಯಿಂದ ಡಬ್ಬಿಗೂ ಗಾಳಿಯಲ್ಲೇ ಮಾಹಿತಿ ಹೋಗಬೇಕಾದರೆ ಅದೇ ಮಾತನ್ನು ಎರಡು ಸಲ ಆಡಬೇಕು. ಒಂದೇ ರೇಡಿಯೊ ಎರಡೂ ಕೆಲಸ ಮಾಡುವಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅದೇ ಮೆಶ್ ಡಬ್ಬಿಗಳನ್ನು ತಂತಿಯಿಂದ ಜೋಡಿಸಿದರೆ ಈ ನಷ್ಟವಿಲ್ಲ. ಇನ್ನೊಂದು ಉಪಾಯಕ್ಕೆ ಹೆಚ್ಚು ಖರ್ಚೂ ಬೇಡ: ಜಾಗ ಬಿಟ್ಟು ಕದಲದ ಟಿವಿ, ಡೆಸ್ಕ್‌ಟಾಪ್, ಹಗಲಿರುಳೂ ದೃಶ್ಯ ಕಳಿಸುವ ಸಿಸಿಟಿವಿ ಕ್ಯಾಮೆರಾ ಇವನ್ನೆಲ್ಲ ತಂತಿಗೆ ಹಾಕಿದರೆ, ಗಾಳಿ ಮೊಬೈಲು ಮತ್ತು ಲ್ಯಾಪ್‌ಟಾಪ್‌ಗಳಿಗೆ ಖಾಲಿಯಾಗುತ್ತದೆ. ಐದು ಕಿಂಡಿಯ ಗಿಗಾಬಿಟ್ ಸ್ವಿಚ್ ಸಾವಿರದಿಂದ ಒಂದೂವರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ.

ಹೆಚ್ಚು ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಭಾಗಗಳು ಹೆಚ್ಚಿದಷ್ಟೂ ಕೆಡುವ ಜಾಗಗಳು ಹೆಚ್ಚುತ್ತವಲ್ಲವೇ? ಸಾಲಾಗಿ ಜೋಡಿಸಿದ ಯಂತ್ರಗಳಲ್ಲಿ ಒಂದು ನಿಂತರೂ ಎಲ್ಲ ನಿಲ್ಲುತ್ತದೆ ಎಂಬ ಲೆಕ್ಕ ಸರಿಯೇ. ಪ್ರತ್ಯೇಕ ಅಡಾಪ್ಟರ್, ಪ್ರತ್ಯೇಕ ಕೇಬಲ್, ಇವೂ ಕೆಡುತ್ತವೆ. ಆದರೆ ಸೇವೆ ಎಷ್ಟು ಹೊತ್ತು ಸಿಗುತ್ತದೆ ಎಂಬುದನ್ನು ಎರಡು ಸಂಖ್ಯೆಗಳು ನಿರ್ಧರಿಸುತ್ತವೆ: ಎಷ್ಟು ಸಲ ಕೆಡುತ್ತದೆ, ಕೆಟ್ಟರೆ ಎಷ್ಟು ಹೊತ್ತಿಗೆ ಸರಿಹೋಗುತ್ತದೆ. ವರ್ಷಕ್ಕೆ ಒಮ್ಮೆಯೇ ಕೆಟ್ಟು, ಕಂಪನಿಯವರು ಬಂದು ಬದಲಿಸಲು ಮೂರು ದಿನ ತೆಗೆದುಕೊಳ್ಳುವ ಡಬ್ಬಿಯನ್ನು ಊಹಿಸಿಕೊಳ್ಳಿ. ನಷ್ಟ 72 ಗಂಟೆ. ವರ್ಷಕ್ಕೆ ಮೂರು ಸಲ ಏನೋ ಒಂದು ಕೆಟ್ಟು, ಪ್ರತಿ ಸಲ ಹತ್ತಿರದ ಅಂಗಡಿಯಿಂದ ತಂದು ಎರಡು ಗಂಟೆಯಲ್ಲಿ ಸರಿಮಾಡಬಹುದಾದ ಬಿಡಿ ಭಾಗಗಳಾದರೆ ನಷ್ಟ ಆರು ಗಂಟೆ. ಜೊತೆಗೆ ಯಾವುದು ಕೆಟ್ಟಿತೆಂದು ಗೊತ್ತಾಗುವುದೂ ಬಿಡಿಯಾಗಿದ್ದಾಗಲೇ. ಓಎನ್‌ಟಿಯ ಮೇಲೆ ಕೆಂಪು ದೀಪ ಬಂದರೆ ತೊಂದರೆ ಬಹುಪಾಲು ಫೈಬರಿನದು. ರೌಟರಿಗೆ ತಂತಿಯಿಂದ ಜೋಡಿಸಿದ ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತಿದ್ದು ಮೊಬೈಲ್ ಮಾತ್ರ ಒದ್ದಾಡಿದರೆ ತೊಂದರೆ ವೈಫೈನದು. ಮಹಡಿಯ ಆ್ಯಕ್ಸೆಸ್ ಪಾಯಿಂಟ್ ಕೆಟ್ಟ ದಿನವೂ ಕೆಳಗಿನ ಕೋಣೆಯ ಕೆಲಸ ನಿಲ್ಲುವುದಿಲ್ಲ. ರಸ್ತೆ ಅಗೆತದಲ್ಲಿ ಫೈಬರ್ ತುಂಡಾದರೆ ಇದ್ಯಾವುದೂ ನೆರವಾಗದು, ನಿಜ. ಆಗ ಬೇಕಾಗುವ ಎರಡನೇ ಸಂಪರ್ಕವನ್ನು ಜೋಡಿಸಿಕೊಳ್ಳಲೂ ಹೊರಗಿನ ಸಂಪರ್ಕಕ್ಕೆ ಎರಡು ಕಿಂಡಿಗಳಿರುವ ಸ್ವಂತ ರೌಟರ್ ಇರಬೇಕು.

ಕಂಪನಿಯ ಡಬ್ಬಿಯನ್ನು ಪೂರ್ತಿ ಬಿಡಲಾಗುವುದಿಲ್ಲ. ಬೆಳಕನ್ನು ಬದಲಿಸುವ ಕೆಲಸ ಅದೇ ಮಾಡಬೇಕು. ಅದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಡಿ ಎಂದು ಕೇಳಿದರೆ ಉಳಿದ ಕೆಲಸಗಳೆಲ್ಲ ನಮ್ಮ ರೌಟರಿಗೆ ಬರುತ್ತವೆ. ಒಪ್ಪದಿದ್ದರೆ ಅದರ ವೈಫೈ ಆಫ್ ಮಾಡಿ, ಹಿಂದೆ ನಮ್ಮ ರೌಟರ್ ಇಡಬಹುದು. ಆಗ ಹೊರಗಿನ ವಿಳಾಸವನ್ನು ಒಳಗಿನ ವಿಳಾಸಗಳಿಗೆ ಹೊಂದಿಸುವ ಅನುವಾದ ಎರಡು ಸಲ ಆಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಹೊರಗಿನಿಂದ ಮನೆಯ ಕ್ಯಾಮೆರಾಕ್ಕೆ ನೇರ ದಾರಿ ಬೇಕಾದವರಿಗೆ ಮತ್ತು ಕೆಲವು ಆಟಗಳಿಗೆ ಅದು ಅಡ್ಡಿ, ಪಾಠ ಕೇಳುವವರಿಗೆ, ವಿಡಿಯೊ ಕರೆ ಮಾಡುವವರಿಗೆ ಸಾಮಾನ್ಯವಾಗಿ ಅಲ್ಲ. ಹಳೆಯ ರೌಟರನ್ನೇ ಆ್ಯಕ್ಸೆಸ್ ಪಾಯಿಂಟ್ ಮಾಡಿಕೊಳ್ಳುವವರು ಮಾತ್ರ ಒಂದು ಎಚ್ಚರ ವಹಿಸಬೇಕು: ವಿಳಾಸ ಹಂಚುವ ಅದರ ಡಿಎಚ್‌ಸಿಪಿ ಸೌಲಭ್ಯವನ್ನು ಆಫ್ ಮಾಡಿ, ಕೇಬಲನ್ನು ಲ್ಯಾನ್ ಕಿಂಡಿಗೆ ಸಿಕ್ಕಿಸಬೇಕು. ಒಂದೇ ಮನೆಯಲ್ಲಿ ಇಬ್ಬರು ವಿಳಾಸ ಹಂಚತೊಡಗಿದರೆ ಸಾಧನಗಳು ಕಾರಣ ತಿಳಿಯದ ಹಾಗೆ ಆಗಾಗ ಸಂಪರ್ಕ ಕಳೆದುಕೊಳ್ಳುತ್ತವೆ.

ಕರೆಂಟಿನ ವಿಷಯದಲ್ಲಿ ಬಿಡಿ ಭಾಗಗಳು ಸೋಲುತ್ತವೆ ಎಂದೆನಿಸಬಹುದು, ಮೂರು ನಾಲ್ಕು ಕಡೆ ಬ್ಯಾಕಪ್ ಬೇಕಲ್ಲ ಎಂದು. ಇದಕ್ಕೆ ಉತ್ತರ 2003ರಿಂದಲೇ ಇದೆ. ಪವರ್ ಓವರ್ ಈಥರ್ನೆಟ್ ಎಂಬುದರ ಆ ಮೊದಲ ಮಾನದಂಡದ ಪ್ರಕಾರವೇ, ಈ ಸೌಲಭ್ಯವಿರುವ ಸ್ವಿಚ್ ಅದೇ ಕೇಬಲಿನಲ್ಲಿ 15.4 ವಾಟ್‌ವರೆಗೆ ವಿದ್ಯುತ್ತನ್ನೂ ಕಳಿಸಬಲ್ಲದು. ಓಎನ್‌ಟಿ, ರೌಟರ್, ಸ್ವಿಚ್ ಒಂದೆಡೆ ಕೂತು ಒಂದೇ ಯುಪಿಎಸ್ ಹಂಚಿಕೊಂಡರೆ ಮಹಡಿಯ ಮೇಲಿನ ಆ್ಯಕ್ಸೆಸ್ ಪಾಯಿಂಟೂ ಅದರಿಂದಲೇ ಬದುಕುತ್ತದೆ. ಇಲ್ಲಿ ಕೇಬಲಿನ ಗುಣ ಮುಖ್ಯ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಮಾರುಕಟ್ಟೆಯಲ್ಲಿದೆ. ಅದರ ರೋಧ ಹೆಚ್ಚು, ಬಗ್ಗಿಸಿದರೆ ಬೇಗ ಮುರಿಯುತ್ತದೆ. ಪೂರ್ತಿ ತಾಮ್ರದ್ದೇ ಬೇಕೆಂದು ಕೇಳಿ ತರಬೇಕು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಗುಡುಗು ಸಿಡಿಲಿನ ತಿಂಗಳುಗಳಿಗೆ ಇನ್ನೊಂದು ಮಾತು ಸೇರಿಸಬೇಕು. ಗಾಜಿನ ಎಳೆ ವಿದ್ಯುತ್ ಹರಿಸುವುದಿಲ್ಲ, ಆದರೆ ಮನೆಯಿಂದ ಅಂಗಳ ದಾಟಿ ಕೊಟ್ಟಿಗೆಗೋ ಅಡಿಕೆ ಸುಲಿಯುವ ಶೆಡ್ಡಿಗೋ ಎಳೆದ ತಾಮ್ರದ ಕೇಬಲ್ ಸಿಡಿಲಿನ ಹೊಡೆತವನ್ನು ಸ್ವಿಚ್‌ಗೆ ತಲುಪಿಸಬಲ್ಲದು. ಕಟ್ಟಡದಿಂದ ಕಟ್ಟಡಕ್ಕೆ ಲೋಹದ ಆಧಾರತಂತಿಯಿಲ್ಲದ ಫೈಬರ್ ಎಳೆದು, ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಹಾಕುವುದೇ ಸುರಕ್ಷಿತ.

ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕಾಗಿಲ್ಲ. ಮೊದಲು ಒಂದು ಸ್ವಿಚ್ ತಂದು ಕದಲದ ಸಾಧನಗಳನ್ನು ತಂತಿಗೆ ಹಾಕಿ, ಆಮೇಲೆ ಸಂಕೇತ ತೀರಾ ದುರ್ಬಲವಾದ ಕೋಣೆಗೆ ಒಂದು ಆ್ಯಕ್ಸೆಸ್ ಪಾಯಿಂಟ್, ಕಂಪನಿಯ ಡಬ್ಬಿ ತೊಂದರೆ ಕೊಡತೊಡಗಿದಾಗ ಸ್ವಂತ ರೌಟರ್, ಈ ಕ್ರಮ ಹೆಚ್ಚಿನ ಮನೆಗಳಿಗೆ ಹೊಂದುತ್ತದೆ. ಬಾಡಿಗೆಯವರು ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಕೇಸಿಂಗ್ ಪಟ್ಟಿಯೊಳಗೆ ಕೇಬಲ್ ಒಯ್ಯಬಹುದು, ಹಳೆಯ ಟಿವಿ ಕೇಬಲಿನ ಪೈಪ್ ಖಾಲಿಯಿದ್ದರೆ ಅದರಲ್ಲೂ ತೂರಿಸಬಹುದು. ಮನೆ ಕಟ್ಟಿಸುತ್ತಿರುವವರಿಗೆ ಈ ಕೆಲಸ ಎಲ್ಲರಿಗಿಂತ ಅಗ್ಗ. ಗಾರೆ ಮೆತ್ತುವ ಮೊದಲೇ ಪ್ರತಿ ಕೋಣೆಯಿಂದ, ಪ್ರತಿ ಮಹಡಿಯ ಚಾವಣಿಯ ನಡುವಿನಿಂದ ಒಂದು ಮೂಲೆಗೆ ಬಂದು ಸೇರುವ ಹಾಗೆ ಖಾಲಿ ಪೈಪ್ ಹಾಕಲು ಎಲೆಕ್ಟ್ರಿಷಿಯನ್‌ಗೆ ಹೇಳಬೇಕು. ಕರೆಂಟಿನ ವೈರಿನ ಪೈಪಿಗಿಂತ ಅದು ಬೇರೆಯೇ ಇರಲಿ. ಒಳಗೆ ಎಳೆದಾಡಲು ಒಂದು ದಾರ ಬಿಟ್ಟಿದ್ದರೆ ಕೇಬಲನ್ನು ಮುಂದೆ ಯಾವಾಗ ಬೇಕಾದರೂ ತೂರಿಸಿಕೊಳ್ಳಬಹುದು.