ಮೂರು ದಿನದ ಸನ್ಯಾಸಿ

ಜಪಾನಿ ಭಾಷೆಯಲ್ಲಿ ‘ಮಿಕ್ಕಾ ಬೋಜು’ ಎಂಬ ಮಾತಿದೆ. ಮೂರು ದಿನದ ಸನ್ಯಾಸಿ ಎಂದರ್ಥ. ನಾವು ಆರಂಭಶೂರ ಅನ್ನುತ್ತೇವಲ್ಲ, ಅವನೇ. 73ನೇ ವಯಸ್ಸಿನಲ್ಲಿ ನಾನು ಜಪಾನಿ ಮಾತು ಕಲಿಯಲು ಕೂತಾಗ ಮನೆಯವರೆಲ್ಲ ನನಗೆ ಆ ಬಿರುದು ಕೊಡಲು ಕಾದಿದ್ದರು.

ಕಾರಣ ಮೊಮ್ಮಗಳು. ಯೊಕೊಹಾಮಾದ ಶಾಲೆಯಲ್ಲಿ ಓದುವ ಅವಳ ಕನ್ನಡ ವಾರದಿಂದ ವಾರಕ್ಕೆ ತೆಳ್ಳಗಾಗುತ್ತಿತ್ತು. ‘ಚೆನ್ನಾಗಿದೀನಿ ತಾತ’ ಆದ ಮೇಲೆ ಫೋನಿನಲ್ಲಿ ಮಾತೇ ಇಲ್ಲ.

ಮಕ್ಕಳೇ, ಈ ಭಾಷೆ ನಮಗೆ ಅಷ್ಟೇನೂ ದೂರದ್ದಲ್ಲ. ‘ವತಾಶಿ ವಾ ಗೊಹಾನ್ ಓ ತಬೆಮಾಸು’ ಎಂದರೆ ‘ನಾನು ಅನ್ನವನ್ನು ತಿನ್ನುತ್ತೇನೆ’. ಪದಗಳ ಸಾಲು ನಮ್ಮದೇ. ಅವರ ‘ಓ’ ನಮ್ಮ ‘ಅನ್ನು’. ಸುಸ್ತು ಮಾಡಿದ್ದು ಎಣಿಕೆ. ಮೂರು ಪೆನ್ಸಿಲ್ಲಿಗೆ ‘ಸನ್‌ಬೊನ್’, ಮೂರು ಹಾಳೆಗೆ ‘ಸನ್‌ಮೈ’, ಮೂರು ಬೆಕ್ಕಿಗೆ ‘ಸನ್‌ಬಿಕಿ’! ಜೀವಮಾನವಿಡೀ ನೋಟು ಎಣಿಸಿದವನಿಗೆ ಇದೆಂಥ ಶಿಕ್ಷೆ? (ನೋಟಿಗೂ ‘ಮೈ’ಯೇ.) ನಮ್ಮಲ್ಲೂ ಪೆನ್ಸಿಲ್ ಮೂರು, ಮಕ್ಕಳು ಮೂವರು ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ಬ್ಯಾಂಕಿನಲ್ಲಿ ಆ ದಿನದ ಲೆಕ್ಕ ತಾಳೆಯಾಗದೆ ಮನೆಗೆ ಹೊರಡುವಂತಿರಲಿಲ್ಲ. ಅದೇ ಪದ್ಧತಿ ಹಿಡಿದೆ. ದಿನಕ್ಕೆ ಐದೇ ವಾಕ್ಯ, ಗಟ್ಟಿಯಾಗಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಗುರುತು. ಬೇಸರವಾದ ದಿನ ಹಳೆಯ ಐದೇ ಸಾಕು.

ಎಲ್ಲಕ್ಕಿಂತ ನನ್ನನ್ನು ಹಿಡಿದು ಕೂರಿಸಿದ್ದು ಭಾನುವಾರ 4 ಗಂಟೆಯ ಫೋನು. ಅಲ್ಲಿ ಆಗ ರಾತ್ರಿ 7.30. ಅವಳು ನನ್ನ ಉಚ್ಚಾರ ತಿದ್ದುತ್ತಾಳೆ. ಅವಳು ಕೊಟ್ಟ ಪ್ರತಿ ಪದಕ್ಕೆ ನಾನೊಂದು ಕನ್ನಡ ಪದ ಕೊಡಬೇಕೆಂಬುದು ಒಪ್ಪಂದ. ಹೋದ ವಾರ ‘ನೆಕೊ’ಗೆ ಬೆಕ್ಕು ಕೊಟ್ಟೆ.

“ಬೆಕ್ಕು ಮೂರಾ, ಮೂವರಾ ತಾತ?” ಎಂದು ಕೇಳಿದಳು.