ನಾಲ್ಕೂಕಾಲರ ಬಸ್ಸು ಮತ್ತು ಕಾಯುವಿಕೆಯ ಲೆಕ್ಕ

ತಾಲ್ಲೂಕು ಕೇಂದ್ರಗಳ ಪದವಿಪೂರ್ವ ಕಾಲೇಜುಗಳಲ್ಲಿ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಪ್ರಯೋಗಾಲಯದೊಳಗೆ ಇಣುಕಿದರೆ ಒಂದು ದೃಶ್ಯ ಕಾಣಸಿಗುತ್ತದೆ. ಬ್ಯುರೆಟ್ಟಿನಲ್ಲಿ ದ್ರಾವಣ ಇನ್ನೂ ಅರ್ಧ ಉಳಿದಿರುತ್ತದೆ. ಎರಡನೆಯ ಸಲದ ಅಳತೆ ಬರೆದುಕೊಳ್ಳುವುದು ಬಾಕಿ ಇರುತ್ತದೆ. ಅಷ್ಟರಲ್ಲೇ ನಾಲ್ಕೈದು ಮಂದಿ ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತಿರುತ್ತಾರೆ. ‘ಸಾರ್, ನಾಲ್ಕೂಕಾಲರ ಬಸ್ಸು...’ ಎಂಬ ಅರ್ಧ ವಾಕ್ಯವೇ ಅವರ ರಜಾ ಅರ್ಜಿ. ಪ್ರಯೋಗ ತರಗತಿ ಮುಗಿಯುವುದು ನಾಲ್ಕೂವರೆಗೆ. ಊರಿನ ಬಸ್ಸು ಹೊರಡುವುದು ನಾಲ್ಕೂಕಾಲಿಗೆ. ಅದು ತಪ್ಪಿದರೆ ಮುಂದಿನದು ಆರೂವರೆಗೆ. ಊರು ಸೇರುವ ಹೊತ್ತಿಗೆ ಕತ್ತಲೆ, ನಿಲುಗಡೆಯಿಂದ ಮನೆಗೆ ಇನ್ನೂ ಒಂದೆರಡು ಕಿಲೊಮೀಟರ್ ನಡಿಗೆ.

ಹದಿನೈದು ನಿಮಿಷದ ಈ ಅಂತರ ಸಣ್ಣದೆಂದು ತೋರಬಹುದು. ಆದರೆ ಇದೇ ಅಂತರ ಎಷ್ಟೋ ಮನೆಗಳಲ್ಲಿ ಮಗಳು ಯಾವ ವಿಷಯ ಓದಬೇಕೆಂಬುದನ್ನು ತೀರ್ಮಾನಿಸುತ್ತದೆ. ‘ಸೈನ್ಸ್ ಬೇಡಮ್ಮ, ಪ್ರಾಕ್ಟಿಕಲ್ ಅಂತ ಹೊತ್ತಾಗುತ್ತೆ. ಆರ್ಟ್ಸ್ ತಗೋ, ಬೆಳಕಿರುವಾಗಲೇ ಮನೆ ಸೇರಬಹುದು’ ಎನ್ನುವ ತಂದೆ ಮಗಳ ಓದಿಗೆ ವಿರೋಧಿಯೇನಲ್ಲ. ಅವರು ಕೈಯಲ್ಲಿರುವ ವೇಳಾಪಟ್ಟಿಯನ್ನು ಓದಿ ಮಾತಾಡುತ್ತಿರುತ್ತಾರೆ, ಅಷ್ಟೆ.

2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ವಿದ್ಯಾರ್ಥಿನಿಯರ ಮಟ್ಟಿಗೆ ಹಣದ ಅಡ್ಡಿ ಬಹುಮಟ್ಟಿಗೆ ನೀಗಿದಂತಾಯಿತು. ಉಳಿದಿರುವುದು ಸಮಯದ ಅಡ್ಡಿ. ಇದನ್ನು ನಿವಾರಿಸುವುದಕ್ಕೆ ಹೊಸ ಬಸ್ಸುಗಳೇ ಬೇಕೆ? ಕೆಲವು ಕಡೆ ಖಂಡಿತ ಬೇಕು. ಆದರೆ ಇರುವ ಬಸ್ಸು, ಇರುವ ರೈಲುಗಳನ್ನೇ ಹೊಂದಿಸಿ ಓಡಿಸಿದರೂ ಎಷ್ಟೋ ಲಾಭವಿದೆ. ಅದು ಹೇಗೆಂಬುದನ್ನು ತಿಳಿಯಲು ಪ್ರೌಢಶಾಲೆಯ ಗಣಿತ ಸಾಕು.

ಸರಾಸರಿ ಮಾಡುವ ಮೋಸ

ಒಂದು ನಿಲುಗಡೆಗೆ ಗಂಟೆಗೆ ಎರಡು ಬಸ್ಸು ಬರುತ್ತವೆ ಎಂದಿಟ್ಟುಕೊಳ್ಳೋಣ. ಅವು ಸರಿಯಾಗಿ 30 ನಿಮಿಷಕ್ಕೊಂದರಂತೆ ಬಂದರೆ, ಹೊತ್ತು ನೋಡದೆ ಬಂದು ನಿಂತ ಪ್ರಯಾಣಿಕ ಸರಾಸರಿ 15 ನಿಮಿಷ ಕಾಯಬೇಕಾಗುತ್ತದೆ. ಈಗ ಅದೇ ಎರಡು ಬಸ್ಸುಗಳು ಒಮ್ಮೆ 10 ನಿಮಿಷದ ಅಂತರದಲ್ಲಿ, ಇನ್ನೊಮ್ಮೆ 50 ನಿಮಿಷದ ಅಂತರದಲ್ಲಿ ಬಂದವೆನ್ನಿ. ಗಂಟೆಗೆ ಎರಡು ಬಸ್ಸು ಎಂಬ ಲೆಕ್ಕದಲ್ಲಿ ಬದಲಾವಣೆಯಿಲ್ಲ. ಆದರೆ ಕಾಯುವ ಹೊತ್ತು ಬದಲಾಗುತ್ತದೆ. ಏಕೆಂದರೆ ಆರು ಮಂದಿ ಪ್ರಯಾಣಿಕರಲ್ಲಿ ಐವರು ಆ 50 ನಿಮಿಷದ ಉದ್ದನೆಯ ಅಂತರದಲ್ಲೇ ಬಂದು ಸಿಕ್ಕಿಕೊಳ್ಳುತ್ತಾರೆ. ಅವರು ಸರಾಸರಿ 25 ನಿಮಿಷ ಕಾಯುತ್ತಾರೆ. ಉಳಿದ ಒಬ್ಬರು ಮಾತ್ರ 5 ನಿಮಿಷ ಕಾಯುತ್ತಾರೆ. ಒಟ್ಟು ಸರಾಸರಿ 21 ನಿಮಿಷ 40 ಸೆಕೆಂಡು. ಎರಡೂ ಬಸ್ಸು ಜೊತೆಜೊತೆಯಾಗಿಯೇ ಬಂದರಂತೂ ಅದು 30 ನಿಮಿಷಕ್ಕೇರುತ್ತದೆ. ಎರಡನೆಯ ಬಸ್ಸು ಇದ್ದೂ ಇಲ್ಲದಂತೆ.

‘ಈ ಮಾರ್ಗಕ್ಕೆ ಬೇಕಾದಷ್ಟು ಬಸ್ಸು ಬಿಟ್ಟಿದ್ದೇವೆ’ ಎಂದು ಘಟಕದವರು, ‘ಎಷ್ಟು ಹೊತ್ತು ನಿಂತರೂ ಒಂದೂ ಬಸ್ಸಿಲ್ಲ’ ಎಂದು ಪ್ರಯಾಣಿಕರು ಹೇಳುವುದನ್ನು ಕೇಳಿರುತ್ತೇವೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಬಸ್ಸುಗಳನ್ನು ಎಣಿಸುತ್ತಾರೆ, ಇನ್ನೊಬ್ಬರು ನಿಮಿಷಗಳನ್ನು ಎಣಿಸುತ್ತಾರೆ.

ಬಸ್ಸುಗಳು ಜೊತೆಗೂಡುವುದೇಕೆ?

ಒಂದರ ಹಿಂದೊಂದು ಬರುವ ಬಸ್ಸುಗಳನ್ನು ಕಂಡಾಗ ಚಾಲಕರನ್ನು ಬೈಯುವುದು ವಾಡಿಕೆ. ನಿಜವಾದ ಕಾರಣ ಬೇರೆಯಿದೆ. ಯಾವುದೋ ಗೇಟು, ಯಾವುದೋ ಜಾತ್ರೆ, ಮುಂದಿನ ಬಸ್ಸು ಮೂರು ನಿಮಿಷ ತಡವಾಯಿತೆನ್ನಿ. ಆ ಮೂರು ನಿಮಿಷದಲ್ಲಿ ಮುಂದಿನ ನಿಲುಗಡೆಯಲ್ಲಿ ಇನ್ನಷ್ಟು ಜನ ಸೇರಿರುತ್ತಾರೆ. ಅವರೆಲ್ಲ ಹತ್ತಬೇಕು, ಟಿಕೆಟ್ ಪಡೆಯಬೇಕು. ಬಸ್ಸು ಇನ್ನಷ್ಟು ತಡವಾಗುತ್ತದೆ; ಅದರ ಮುಂದಿನ ನಿಲುಗಡೆಯಲ್ಲಿ ಜನ ಇನ್ನೂ ಹೆಚ್ಚು. ಹಿಂದಿನಿಂದ ಬರುವ ಬಸ್ಸಿಗೋ ಜನವೇ ಇಲ್ಲ. ಅದು ಬೇಗಬೇಗನೆ ಸಾಗಿ ಮೊದಲನೆಯದನ್ನು ಹಿಡಿದುಬಿಡುತ್ತದೆ. ಪರಿಣಾಮವೇ ಕಾರಣವನ್ನು ಬಲಪಡಿಸುವ ಇಂಥ ಸರಪಳಿಯನ್ನು ವಿಜ್ಞಾನದಲ್ಲಿ ‘ಧನಾತ್ಮಕ ಹಿಮ್ಮಾಹಿತಿ’ ಎನ್ನುತ್ತಾರೆ. 1964ರಲ್ಲಿ ನ್ಯೂವೆಲ್ ಮತ್ತು ಪಾಟ್ಸ್ ಎಂಬ ಇಬ್ಬರು ಇದನ್ನು ಗಣಿತದ ಸಮೀಕರಣಗಳ ಮೂಲಕ ತೋರಿಸಿದರು.

ರೋಗ ತಿಳಿದ ಮೇಲೆ ಮದ್ದೂ ಗೊತ್ತಾಗುತ್ತದೆ. ಮಾರ್ಗದ ನಡುವಿನ ಒಂದೆರಡು ನಿಲ್ದಾಣಗಳಲ್ಲಿ ಕೆಲವು ನಿಮಿಷಗಳ ಬಿಡುವು ಇಟ್ಟು, ಹೊತ್ತಿಗೆ ಮುಂಚೆ ಬಂದ ಬಸ್ಸನ್ನು ಅಲ್ಲಿ ತಡೆದು ನಿಲ್ಲಿಸಬೇಕು. ಹತ್ತುವ ಬಾಗಿಲು, ಇಳಿಯುವ ಬಾಗಿಲು ಬೇರೆಯಾಗಿರಬೇಕು. ಜನ ಹೆಚ್ಚಿರುವ ಕಡೆ ಬಸ್ಸು ಬರುವ ಮೊದಲೇ ಟಿಕೆಟ್ ಕೊಡುವ ವ್ಯವಸ್ಥೆ ಬೇಕು. ‘ಸುಮ್ಮನೆ ಯಾಕ್ರೀ ನಿಲ್ಲಿಸಿದ್ರಿ?’ ಎಂದು ಒಳಗೆ ಕುಳಿತವರು ಗೊಣಗಬಹುದು. ಆದರೆ ಆ ಎರಡು ನಿಮಿಷದ ತಡೆ ಮುಂದಿನ ಹತ್ತು ಊರುಗಳಲ್ಲಿ ಕಾಯುತ್ತಿರುವವರ ಪಾಲಿನ ನ್ಯಾಯ.

ಗಡಿಯಾರಕ್ಕೆ ಕಟ್ಟಿದ ರೈಲು

ಬಸ್ಸು, ರೈಲುಗಳನ್ನು ಒಟ್ಟಾಗಿ ಹೊಂದಿಸುವುದರಲ್ಲಿ ಜಗತ್ತಿಗೆ ಪಾಠ ಹೇಳಿದ ದೇಶ ಸ್ವಿಟ್ಜರ್ಲೆಂಡ್. ಅಲ್ಲಿ 1982ರ ಮೇ ತಿಂಗಳಲ್ಲಿ ದೇಶಾದ್ಯಂತ ಒಂದು ಹೊಸ ವೇಳಾಪಟ್ಟಿ ಬಂತು. ಮುಖ್ಯ ಮಾರ್ಗಗಳಲ್ಲಿ ಪ್ರತಿ ಗಂಟೆಗೂ, ಅದೇ ನಿಮಿಷಕ್ಕೆ ರೈಲು ಹೊರಡಬೇಕು ಎಂಬುದು ಅದರ ತತ್ವ. 7 ಗಂಟೆ 12 ನಿಮಿಷಕ್ಕೊಂದು ಗಾಡಿ ಇದ್ದರೆ 8-12ಕ್ಕೆ, 9-12ಕ್ಕೆ, ಹೀಗೆ ದಿನವಿಡೀ ಇರುತ್ತದೆ. ಪ್ರಯಾಣಿಕ ನೆನಪಿಡಬೇಕಾದದ್ದು ಒಂದೇ ಸಂಖ್ಯೆ.

ಮುಂದಿನ ಹೆಜ್ಜೆ ಇನ್ನೂ ಸೊಗಸಾದುದು. 1987ರ ಡಿಸೆಂಬರಿನಲ್ಲಿ ಅಲ್ಲಿನ ಮತದಾರರು ‘ರೈಲು 2000’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟರು. ದೊಡ್ಡ ಜಂಕ್ಷನ್‌ಗಳಿಗೆ ಎಲ್ಲ ದಿಕ್ಕಿನ ಗಾಡಿಗಳೂ ಗಂಟೆ ಹೊಡೆಯುವ ಕೆಲವು ನಿಮಿಷ ಮೊದಲು ಬಂದು ಸೇರಬೇಕು. ಪ್ರಯಾಣಿಕರು ಗಾಡಿ ಬದಲಿಸಿದ ಮೇಲೆ, ಗಂಟೆ ಹೊಡೆದ ಕೆಲವು ನಿಮಿಷಕ್ಕೆ ಎಲ್ಲವೂ ಹೊರಡಬೇಕು. ಹೀಗಾಗಬೇಕಾದರೆ ಒಂದು ಜಂಕ್ಷನ್‌ನಿಂದ ಇನ್ನೊಂದಕ್ಕೆ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಹೊತ್ತು ಹಿಡಿಯಬೇಕು. ಜ್ಯೂರಿಕ್–ಬರ್ನ್ ನಡುವೆ ಆಗ ಹಿಡಿಯುತ್ತಿದ್ದುದು ಸುಮಾರು 70 ನಿಮಿಷ. ಆ ದಾರಿಯಲ್ಲಿ 45 ಕಿಲೊಮೀಟರ್ ಹೊಸ ಹಳಿ ಹಾಕಿ, 2004ರ ಡಿಸೆಂಬರಿನಲ್ಲಿ ಅದನ್ನು 56 ನಿಮಿಷಕ್ಕೆ ಇಳಿಸಿದರು. ಇನ್ನೂ ವೇಗ ಬೇಕೆಂದು ಹಟ ಹಿಡಿಯಲಿಲ್ಲ. 40 ನಿಮಿಷಕ್ಕೇ ತಲುಪಿದರೂ ಮುಂದಿನ ಗಾಡಿಗೆ ಅಲ್ಲಿ ಕುಳಿತು ಕಾಯಲೇಬೇಕಲ್ಲ! ಉಯ್ಯಾಲೆ ತೂಗುವವರಿಗೆ ಈ ಗುಟ್ಟು ಗೊತ್ತು. ಎಷ್ಟು ಜೋರಾಗಿ ನೂಕಿದೆವು ಎಂಬುದಕ್ಕಿಂತ ಯಾವ ಕ್ಷಣದಲ್ಲಿ ನೂಕಿದೆವು ಎಂಬುದು ಮುಖ್ಯ.

ಹಳ್ಳಿಗಳಿಗೆ ಹೋಗುವ ಹಳದಿ ಬಣ್ಣದ ಅಂಚೆ ಬಸ್ಸುಗಳೂ ಈ ರೈಲುಗಳ ಹೊತ್ತಿಗೆ ಹೊಂದಿಕೊಂಡೇ ಓಡುತ್ತವೆ. ಜ್ಯೂರಿಕ್ ಪ್ರಾಂತ್ಯದಲ್ಲಿ 1990ರಿಂದ ಒಂದೇ ಟಿಕೆಟ್ಟಿನಲ್ಲಿ ರೈಲು, ಟ್ರಾಮು, ಬಸ್ಸು, ದೋಣಿ ಎಲ್ಲದರಲ್ಲೂ ಪ್ರಯಾಣಿಸಬಹುದು.

ಅದು ಸಿರಿವಂತ ದೇಶ, ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲು ಭಾಗಕ್ಕಿಂತಲೂ ಚಿಕ್ಕದು ಎಂಬ ಮಾತು ನಿಜವೇ. ಹೊಸ ಹಳಿಗೆ ಹಣ ಬೇಕು. ಆದರೆ ರೈಲು ಬಂದು ಹತ್ತು ನಿಮಿಷಕ್ಕೆ ಬಸ್ಸು ಹೊರಡಲಿ ಎಂದು ಬರೆಯುವುದಕ್ಕೆ ಬೇಕಾದದ್ದು ಪೆನ್ಸಿಲ್ಲು, ರಬ್ಬರು, ಮತ್ತು ಎರಡು ಇಲಾಖೆಗಳು ಒಂದೇ ಮೇಜಿನ ಮುಂದೆ ಕೂರುವ ಮನಸ್ಸು.

ನಮ್ಮ ಹಳಿ, ನಮ್ಮ ರಸ್ತೆ

ಬೆಂಗಳೂರಿನ ಉಪನಗರ ರೈಲು ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು 2020ರ ಅಕ್ಟೋಬರಿನಲ್ಲಿ. ಶಂಕುಸ್ಥಾಪನೆಯಾದದ್ದು 2022ರ ಜೂನ್ 20ರಂದು. ಸುಮಾರು 148 ಕಿಲೊಮೀಟರ್ ಉದ್ದದ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರುಗಳನ್ನಿಟ್ಟಿದ್ದಾರೆ. ಅವು ಅರಳುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ರಾಮನಗರ, ಮಂಡ್ಯ, ತುಮಕೂರುಗಳಿಂದ ದಿನವೂ ಬೆಂಗಳೂರಿಗೆ ಬಂದುಹೋಗುವವರಿಗೆ ಇಂದಿಗೂ ಸಾಮಾನ್ಯ ರೈಲುಗಳೇ ಆಸರೆ.

ಇಂಥ ಕಡೆ ‘ಮೆಮು’ ಗಾಡಿಗಳ ಉಪಯೋಗ ಹೆಚ್ಚು. ಸಾಮಾನ್ಯ ಪ್ಯಾಸೆಂಜರ್ ಗಾಡಿಯನ್ನು ಮುಂದಿನ ಎಂಜಿನ್ ಒಂದೇ ಎಳೆಯುತ್ತದೆ. ಎಳೆತವೆಲ್ಲ ಅದರ ಗಾಲಿಗಳು ಹಳಿಯನ್ನು ಹಿಡಿಯುವ ಘರ್ಷಣೆಯ ಮಿತಿಯೊಳಗೇ ನಡೆಯಬೇಕು. ಮೆಮುವಿನಲ್ಲಿ ಮೋಟಾರು ಅಳವಡಿಸಿದ ಬೋಗಿಗಳು ಗಾಡಿಯುದ್ದಕ್ಕೂ ಹಂಚಿಕೊಂಡಿರುತ್ತವೆ. ಹೀಗಾಗಿ ಅದು ನಿಂತಲ್ಲಿಂದ ಬೇಗ ವೇಗ ಪಡೆಯುತ್ತದೆ. ನಿಲ್ದಾಣವೊಂದಕ್ಕೆ ಒಂದೇ ನಿಮಿಷ ಉಳಿದರೂ ಹದಿನೈದು ಕಡೆ ನಿಲ್ಲುವ ಗಾಡಿಗೆ ಕಾಲು ಗಂಟೆ ಉಳಿತಾಯ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುವ ಕೆಲಸವೂ ಇಲ್ಲ. ಚಾಲಕರು ಆ ತುದಿಗೆ ಹೋಗಿ ಕುಳಿತರಾಯಿತು.

ಆದರೆ ರೈಲಿಳಿದವರು ಬಸ್ ನಿಲ್ದಾಣ ಸೇರಬೇಕು. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ರೈಲು, ಮೆಟ್ರೊ, ನಗರದ ಬಸ್ಸು, ಹೊರ ಊರಿನ ಬಸ್ಸು ನಾಲ್ಕೂ ನಡಿಗೆಯಷ್ಟು ದೂರದಲ್ಲಿವೆ. ಅನೇಕ ಸಣ್ಣ ಊರುಗಳಲ್ಲಿ ರೈಲು ನಿಲ್ದಾಣ ಊರಾಚೆ, ಬಸ್ ನಿಲ್ದಾಣ ಪೇಟೆಯೊಳಗೆ. ಬೆಳಗಿನ ಮತ್ತು ಸಂಜೆಯ ಗಾಡಿಯ ಹೊತ್ತಿಗಾದರೂ ಒಂದೊಂದು ಬಸ್ಸು ರೈಲು ನಿಲ್ದಾಣದ ಬಾಗಿಲಿಗೆ ಬಂದು ಹೋಗುವಂತಾದರೆ ಎಷ್ಟೋ ಮಂದಿಗೆ ಆಟೊ ಖರ್ಚು ಉಳಿಯುತ್ತದೆ.

ಪೋಷಕರು ತಿಳಿದಿರಬೇಕಾದ ಒಂದು ಸಂಗತಿಯೂ ಇದೆ. ಮನೆ ಮತ್ತು ವಿದ್ಯಾಸಂಸ್ಥೆಯ ನಡುವೆ ಓಡಾಡಲು ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ 12ನೇ ತರಗತಿಯವರೆಗೆ ಎರಡನೆಯ ದರ್ಜೆಯ ಮಾಸಿಕ ಪಾಸನ್ನು ರೈಲ್ವೆ ಉಚಿತವಾಗಿ ಕೊಡುತ್ತದೆ. ಹಳಿ ಹತ್ತಿರವಿರುವ ಊರಿನವರು ಹತ್ತಿರದ ನಿಲ್ದಾಣದಲ್ಲಿ ವಿಚಾರಿಸಿ ನೋಡಬಹುದು.

ಹದಿನೈದು ದಿನದ ಪ್ರಯೋಗ

ಮತ್ತೆ ನಾಲ್ಕೂಕಾಲರ ಬಸ್ಸಿಗೆ ಬರೋಣ. ಘಟಕ ವ್ಯವಸ್ಥಾಪಕರ ಕಷ್ಟವೂ ಸುಳ್ಳಲ್ಲ. ಅದೇ ಬಸ್ಸು ಹಿಂದಿರುಗಿ ಇನ್ನೊಂದು ಊರಿಗೆ ಸುತ್ತುವಳಿ ಹೋಗಬೇಕು. ಚಾಲಕ, ನಿರ್ವಾಹಕರ ಕರ್ತವ್ಯದ ಅವಧಿಗೆ ಮಿತಿಯಿದೆ. ರಾತ್ರಿ ಯಾವುದೋ ಹಳ್ಳಿಯಲ್ಲಿ ಹಾಲ್ಟ್ ಆಗಬೇಕು. ಒಂದು ಎಳೆ ಎಳೆದರೆ ಇನ್ನೆಲ್ಲೋ ಗಂಟು ಬೀಳುತ್ತದೆ. ಆದ್ದರಿಂದಲೇ ಬರಿಯ ದೂರಿಗಿಂತ ಲೆಕ್ಕದ ಕಾಗದಕ್ಕೆ ಬೆಲೆ ಹೆಚ್ಚು.

ವಿದ್ಯಾರ್ಥಿಗಳು ಇದನ್ನೊಂದು ವಿಜ್ಞಾನ ಯೋಜನೆಯಾಗಿ ಮಾಡಬಹುದು. ಹದಿನೈದು ದಿನ ಸಂಜೆ 3ರಿಂದ 7ರವರೆಗೆ ಸರದಿಯಂತೆ ಇಬ್ಬರು ನಿಲ್ದಾಣದಲ್ಲಿದ್ದು ಪ್ರತಿ ಬಸ್ಸು ಬಂದ ಹೊತ್ತು, ಹತ್ತಿದವರ ಸಂಖ್ಯೆ, ಜಾಗವಿಲ್ಲದೆ ಉಳಿದವರ ಸಂಖ್ಯೆ ಬರೆದುಕೊಳ್ಳಲಿ. ಬಸ್ಸುಗಳ ನಡುವಿನ ಪ್ರತಿ ಅಂತರದ ವರ್ಗ ಮಾಡಿ, ಎಲ್ಲ ವರ್ಗಗಳನ್ನೂ ಕೂಡಿ, ಅಂತರಗಳ ಮೊತ್ತದ ಎರಡರಷ್ಟರಿಂದ ಭಾಗಿಸಲಿ. ಸರಾಸರಿ ಕಾಯುವ ಹೊತ್ತು ದೊರೆಯುತ್ತದೆ. ಮೇಲಿನ 10 ಮತ್ತು 50ರ ಉದಾಹರಣೆಯಲ್ಲಿ 2600ನ್ನು 120ರಿಂದ ಭಾಗಿಸಿದರೆ 21 ನಿಮಿಷ 40 ಸೆಕೆಂಡು ಬರುವುದನ್ನು ನೋಡಬಹುದು. ಇದರ ನಕ್ಷೆ ಬರೆದು, ಕಾಲೇಜಿನ ವೇಳಾಪಟ್ಟಿಯೊಂದಿಗೆ ಲಗತ್ತಿಸಿ, ಪ್ರಾಂಶುಪಾಲರ ಮೂಲಕ ಘಟಕಕ್ಕೆ ಕೊಡಲಿ. ಅಗತ್ಯವಾದರೆ ಕಾಲೇಜೂ ಪ್ರಯೋಗ ತರಗತಿಯನ್ನು ಬೆಳಿಗ್ಗೆಗೆ ಬದಲಾಯಿಸಲು ಸಿದ್ಧವಿರಬೇಕು; ಹೊಂದಾಣಿಕೆ ಎಂದರೆ ಒಂದೇ ಕಡೆಯದಲ್ಲ.

ಬಸ್ಸು ನಾಲ್ಕೂಕಾಲಿಗೆ ಬದಲು ನಾಲ್ಕೂ ಮುಕ್ಕಾಲಿಗೆ ಹೊರಟರೆ ಅದೇ ಊರಿಗೆ ಅಷ್ಟೇ ಡೀಸೆಲ್ ಸಾಕು. ಆ ಹುಡುಗಿ ಎರಡನೆಯ ಅಳತೆ ಬರೆದುಕೊಂಡು, ಬ್ಯುರೆಟ್ ತೊಳೆದಿಟ್ಟು, ಓಡದೆ ನಡೆದು ಬಸ್ಸು ಹತ್ತುತ್ತಾಳೆ. ಬೆಳಕಿರುವಾಗಲೇ ಮನೆಯನ್ನೂ ಸೇರುತ್ತಾಳೆ.