ಗುಳೆ ಹೋದವರ ಅಲಾಯಿ ಕುಣಿ

ತುಂಗಭದ್ರೆಯ ಎಡದಂಡೆ ಕಾಲುವೆ ಹುಲಿಗಿಯ ಮಗ್ಗುಲಲ್ಲೇ ಇರುವ ಮುನಿರಾಬಾದಿನಲ್ಲಿ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಹರಿಯುತ್ತದೆ. 1945ರ ಫೆಬ್ರುವರಿ 28ರಂದು ಈ ದಂಡೆಯಲ್ಲಿ ಹೈದರಾಬಾದಿನ ಬೇರಾರ್ ರಾಜಕುಮಾರ, ಆಚೆ ದಂಡೆಯಲ್ಲಿ ಮದರಾಸಿನ ಗವರ್ನರ್ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. 1953ರಲ್ಲಿ ನೀರು ನಿಂತಿತು. ಗಂಗಾವತಿ ಭತ್ತದ ಕಣಜವಾಯಿತು. ಎತ್ತರದಲ್ಲಿರುವ ಕುಷ್ಟಗಿ, ಯಲಬುರ್ಗಾದ ಹೊಲಗಳು ಮಳೆಯನ್ನೇ ನೆಚ್ಚಿಕೊಂಡು ಉಳಿದವು. ಹಿಂಗಾರಿ ರಾಶಿ ಮುಗಿದ ಮೇಲೆ ಅಲ್ಲಿನ ಮನೆಗಳಿಗೆ ಬೀಗ ಬೀಳುತ್ತದೆ. ಮುದುಕರನ್ನು, ಸಾಲಿಗೆ ಹೋಗುವ ಮಕ್ಕಳನ್ನು ಬಿಟ್ಟು ಉಳಿದವರೆಲ್ಲ ಗುಳೆ ಹೊರಡುತ್ತಾರೆ. ಬೆಂಗಳೂರಿನ ಕಟ್ಟಡಗಳಿಗೆ, ಮಂಗಳೂರಿನ ಗಾರೆ ಕೆಲಸಕ್ಕೆ, ಗೋವಾಕ್ಕೆ. ವಾಸ್ಕೋದ ಬೈನಾ, ಜುವಾರಿನಗರಗಳಲ್ಲಿ ಕನ್ನಡ ಕೇಳುವುದು ಹೀಗೆ ಹೋದವರಿಂದ.

ಹೀಗೆ ಚದುರಿದವರನ್ನು ಒಟ್ಟು ಸೇರಿಸುವುದು ಯಾವುದು ಎಂದು ಕೇಳಿದರೆ ಜಾತ್ರೆಯ ಹೆಸರು ಮೊದಲು ಬರುತ್ತದೆ. ಹುಲಿಗೆಮ್ಮನ ಜಾತ್ರೆಗೆ ಎಲ್ಲಿದ್ದವರೂ ಬರುತ್ತಾರೆ, ನಿಜ. ಆದರೆ ಅಲಾಯಿ ಹಬ್ಬಕ್ಕೆ, ಅಂದರೆ ಮೊಹರಂಗೆ, ಬರುವುದು ಬೇರೆಯದೇ ಬಗೆ. ಜಾತ್ರೆಯಲ್ಲಿ ಕಾಯಿ ಒಡೆಸಿ, ಊಟ ಮಾಡಿ ತಿರುಗಿ ಹೋಗಬಹುದು. ಅಲಾಯಿ ಹಬ್ಬದಲ್ಲಿ ಒಬ್ಬೊಬ್ಬರಿಗೂ ಒಂದು ಕೆಲಸ ಗೊತ್ತಾಗಿರುತ್ತದೆ. ದೇವರು ಹಿಡಿಯುವವನು ಬರಲೇಬೇಕು, ಹಲಗೆ ಬಡಿಯುವವನು ಬರಲೇಬೇಕು, ಹರಕೆ ಹೊತ್ತು ಫಕೀರನಾಗುವವನು ಕೈಗೆ ಲಾಡಿ ಕಟ್ಟಿಸಿಕೊಳ್ಳಲೇಬೇಕು. ಅವರು ಬಾರದಿದ್ದರೆ ಆ ಜಾಗ ಖಾಲಿ.

ಮೊಹರಂ ತಿಂಗಳ ಚಂದ್ರ ಕಂಡ ಮೇಲೆ ಮಸೂತಿಯ ಮುಂದೆ ಗುದ್ದಲಿ ಬೀಳುತ್ತದೆ. ದುಂಡಗೆ ಕುಣಿ ತೋಡುತ್ತಾರೆ. ವರ್ಷವಿಡೀ ಪೆಟ್ಟಿಗೆಯಲ್ಲಿದ್ದ ದೇವರುಗಳನ್ನು, ಅಂದರೆ ಪಂಜಾಗಳನ್ನು, ತೊಳೆದು, ಬಟ್ಟೆ ಉಡಿಸಿ, ಹೂ ಮುಡಿಸಿ ಕೂರಿಸುತ್ತಾರೆ. ಹಸೇನ, ಹುಸೇನ, ಮೌಲಾಲಿ. ಮನೆಮನೆಯಿಂದ ಸಕ್ಕರೆ, ಊದು ಬರುತ್ತದೆ. ಸಕ್ಕರೆ ಓದಿಸಿಕೊಂಡು ಹೋಗುವವರಲ್ಲಿ ಸಾಬರ ಮನೆಯವರು ಎಷ್ಟೋ, ಕುರುಬರು, ನಾಯಕರು, ಲಿಂಗಾಯತರು, ದಲಿತರು ಅದಕ್ಕಿಂತ ಹೆಚ್ಚು. ಮುಸ್ಲಿಮರ ಒಂದೂ ಮನೆಯಿಲ್ಲದ ಊರುಗಳೂ ಈ ಸೀಮೆಯಲ್ಲಿವೆ. ಅಲ್ಲಿ ಹಬ್ಬ ನಿಂತಿಲ್ಲ, ಪಕ್ಕದ ಊರಿನ ಮುಜಾವರರು ಬಂದು ಓದಿಕೆ ಮಾಡಿ ಹೋಗುತ್ತಾರೆ. ಒಂಬತ್ತನೆಯ ದಿನ ಕತ್ತಲ ರಾತ್ರಿ. ಕುಣಿಯಲ್ಲಿ ಕೊಳ್ಳಿ ಉರಿಯುತ್ತಿರುತ್ತದೆ, ಸುತ್ತ ಹೆಜ್ಜೆ ಕುಣಿತ, ಬೆಳಗಿನವರೆಗೂ ಪದ. ಹತ್ತನೆಯ ದಿನ ದೇವರುಗಳು ಸವಾರಿ ಹೊರಟು, ಒಂದನ್ನೊಂದು ಭೇಟಿಯಾಗಿ ಅಪ್ಪಿಕೊಂಡು, ಹೊಳೆಗೋ ಹಳ್ಳಕ್ಕೋ ಹೋಗುತ್ತವೆ. ಅದು ದಫನ್.

ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಹುಸೇನರು ತಮ್ಮವರೊಂದಿಗೆ ಮಡಿದ ನೆನಪು ಇದು. ಮದೀನಾದಿಂದ ಹೊರಟವರು, ಮನೆಗೆ ಮರಳದವರು, ನೀರಿಗೆ ಅಡ್ಡ ನಿಂತ ಸೇನೆಯ ಎದುರು ಬಾಯಾರಿ ಸತ್ತವರು. ಆದಿಲ್‌ಶಾಹಿಗಳ ಬಿಜಾಪುರದಿಂದ, ಕುತುಬ್‌ಶಾಹಿಗಳ ಹೈದರಾಬಾದಿನಿಂದ ಈ ಶೋಕ ಹಳ್ಳಿಗೆ ಬಂದು ಕನ್ನಡದ ಪದವಾಯಿತು. ನೀರಿಲ್ಲದ ನೆಲದ ಜನ ಈ ಕಥೆಯನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಕ್ಕೆ ಆ ಬಾಯಾರಿಕೆಯೂ ಕಾರಣವಿರಬೇಕು ಎಂದು ನನಗೆ ಅನಿಸುತ್ತದೆ. ರಹಮತ್ ತರೀಕೆರೆಯವರು ‘ಕರ್ನಾಟಕದ ಮೊಹರಂ’ ಬರೆದು ಈ ಲೋಕವನ್ನು ಓದುಗರ ಮುಂದಿಟ್ಟರು. ಅದನ್ನು ಓದಿಯೂ ನಮ್ಮ ಪಟ್ಟಣದವರು ಮೊಹರಂ ಅಂದರೆ ಹುಲಿವೇಷ ಎಂದಷ್ಟೇ ತಿಳಿಯುವುದು ಬೇಸರದ ಸಂಗತಿ.

ದೂರ ದುಡಿಯಹೋದವರು ಈ ಹಬ್ಬವನ್ನು ಹೊತ್ತು ನಡೆದದ್ದು ಹೊಸದಲ್ಲ. 1845ರಿಂದ ಕಬ್ಬಿನ ತೋಟಗಳ ಕೂಲಿಗೆಂದು ಟ್ರಿನಿಡಾಡಿಗೆ ಹಡಗು ಹತ್ತಿದ ಭಾರತೀಯರು ಅಲ್ಲಿ ಮೊಹರಂ ಕಟ್ಟಿಕೊಂಡರು. ‘ಹುಸೇ’ ಎಂದು ಅದಕ್ಕೆ ಹೆಸರು. ಹಿಂದೂ ಕೂಲಿಗಳೂ ಅದರಲ್ಲಿ ಸೇರಿಕೊಂಡರು, ತಾಷಾ ಬಡಿದರು. ಮೆರವಣಿಗೆ ಪಟ್ಟಣದೊಳಗೆ ಬರಬಾರದೆಂದು ಬ್ರಿಟಿಷರು ತಡೆದರು. 1884ರ ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೊದಲ್ಲಿ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಹಬ್ಬ ಸಾಯಲಿಲ್ಲ, ಸೇಂಟ್ ಜೇಮ್ಸ್‌ನಲ್ಲಿ, ಸೆಡ್ರೋಸ್‌ನಲ್ಲಿ ಇಂದಿಗೂ ನಡೆಯುತ್ತದೆ.

ಟ್ರಿನಿಡಾಡಿಗೆ ಹೋದವರಲ್ಲಿ ಹೆಚ್ಚಿನವರು ಹಿಂದಿರುಗಲಿಲ್ಲ. ನಮ್ಮವರಿಗೆ ಹಿಂದಿರುಗುವ ದಾರಿ ಇದೆ: ಹುಬ್ಬಳ್ಳಿ–ಗುಂತಕಲ್ಲು ರೈಲು, ರಾತ್ರಿ ಬಸ್ಸು, ಮೇಸ್ತ್ರಿ ಕೊಡುವ ನಾಲ್ಕು ದಿನದ ರಜೆ. ಹಾಗಾಗಿ ಅವರ ಸಾಂಸ್ಕೃತಿಕ ಕೇಂದ್ರ ಗೋವಾದಲ್ಲೂ ಬೆಂಗಳೂರಿನಲ್ಲೂ ಹುಟ್ಟಬೇಕಾಗಲಿಲ್ಲ, ಊರಿನ ಮಸೂತಿಯೇ ಆ ಕೆಲಸ ಮಾಡುತ್ತಿದೆ. ವರ್ಷದ ಹೆಚ್ಚು ದಿನ ಅದಕ್ಕೆ ಬೀಗ. ಆ ಹತ್ತು ದಿನ ಅಲ್ಲಿ ಮಾತಾಡಿಕೊಳ್ಳದ ಸಂಗತಿ ಇಲ್ಲ. ಯಾರ ಮಗಳಿಗೆ ಎಲ್ಲಿ ಗಂಡು, ಯಾವ ಮೇಸ್ತ್ರಿ ಪಗಾರ ಇಟ್ಟುಕೊಂಡ, ಯಾವ ಊರಲ್ಲಿ ಶೆಡ್ಡಿಗೆ ಕರೆಂಟು ಇದೆ ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತದೆ. ಗೋವಾದಲ್ಲೇ ಹುಟ್ಟಿ ಕೊಂಕಣಿ ಕಲಿತ ಹುಡುಗನಿಗೆ ಹೆಜ್ಜೆ ಹಾಕುವುದನ್ನು, ಪದದ ಪಲ್ಲವಿ ಹಿಡಿಯುವುದನ್ನು ಅಜ್ಜ ಕಲಿಸುವುದು ಈ ಕುಣಿಯ ಸುತ್ತಲೇ.

ಇಂಥ ಜಾಗದ ಮೇಲೆ ಎರಡೂ ಕಡೆಯಿಂದ ಒತ್ತಡವಿದೆ. ಪಂಜಾ ಕೂರಿಸುವುದು ಧರ್ಮಕ್ಕೆ ಸಲ್ಲದು ಎಂದು ಮುಸ್ಲಿಮರೊಳಗಿನ ಸುಧಾರಕರು ಹೇಳುತ್ತಾರೆ. ಅದು ನಮ್ಮ ಹಬ್ಬವಲ್ಲ, ಹೋಗಬೇಡಿ ಎಂದು ಹಿಂದೂಗಳಿಗೆ ಹೇಳುವವರು ಇನ್ನೊಂದು ಕಡೆ. ಇಬ್ಬರೂ ಹೇಳುವುದು ಊರಿನವರಿಗೇ; ದೂರದಲ್ಲಿ ದುಡಿಯುತ್ತಿರುವವನಿಗೆ ಈ ಹಬ್ಬ ಹೋದರೆ ಏನು ಹೋಗುತ್ತದೆ ಎಂದು ಯಾರೂ ಅವನನ್ನು ಕೇಳಿಲ್ಲ. ಕೇಳಬೇಕು.

ಹಿಜರಿ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು. 2024ರಲ್ಲಿ ಜುಲೈ 17ಕ್ಕೆ ಬಂದ ಮೊಹರಂ 2025ರಲ್ಲಿ ಜುಲೈ 6ಕ್ಕೆ ಬಂತು. ಮುಂಗಾರು ಬಿತ್ತನೆಗೆಂದು ಬಂದವರೇ ಹಬ್ಬಕ್ಕೂ ಇರುತ್ತಿದ್ದರು, ಅನುಕೂಲವಾಗಿತ್ತು. 2029ರ ಹೊತ್ತಿಗೆ ಅದು ಮೇ ತಿಂಗಳಿಗೆ, ಆಮೇಲೆ ಏಪ್ರಿಲ್‌ಗೆ ಸರಿಯುತ್ತದೆ. ಕಟ್ಟಡದ ಕೆಲಸ ಜೋರಾಗಿರುವ, ಕೂಲಿ ಚೆನ್ನಾಗಿ ಸಿಗುವ ಕಾಲ ಅದು. ಒಂದು ವಾರದ ಪಗಾರ ಬಿಟ್ಟು ಕುಷ್ಟಗಿಗೆ ಬಸ್ಸು ಹತ್ತಬೇಕಾಗುತ್ತದೆ. ಜಾತ್ರೆಗೆ ಬಿಡುವಂತೆ ಕತ್ತಲ ರಾತ್ರಿಯ ಹಿಂದುಮುಂದಿನ ದಿನಗಳಿಗೂ ಗೋವಾ, ಮಂಗಳೂರು, ಬೆಂಗಳೂರಿನಿಂದ ಹೆಚ್ಚುವರಿ ಬಸ್ಸು ಬಿಡಬೇಕೆಂದು ಈಗಲೇ ಕೇಳಿಕೊಳ್ಳಬೇಕಾದದ್ದು ನಮ್ಮ ಜಿಲ್ಲೆಯ ಜನಪ್ರತಿನಿಧಿಗಳು.